ಲಿನಕ್ಸ್‌ನಲ್ಲಿ ಯೂಡೆವ್ ತೆಗೆದು ಬೇರೆ ಹಾಕೋದು ಯಾಕಿಷ್ಟು ಕಷ್ಟ?

ಎಸ್‌ಪಿ ರೋಡ್‌ನಲ್ಲಿ ಕಡಿಮೆ ಬೆಲೆಗೆ ಸಿಗುವ ಆರ್ಡುಯಿನೊ ಮಾದರಿಯ ಬೋರ್ಡ್‌ಗಳಿಗೆ ಬೆಂಗಳೂರಿನ ಇಂಜಿನಿಯರಿಂಗ್ ಹುಡುಗರೇ ದೊಡ್ಡ ಗಿರಾಕಿಗಳು. ಅವುಗಳಲ್ಲಿ ಬಹಳಷ್ಟರಲ್ಲಿ ಇರೋದು ಸಿಎಚ್340 ಅನ್ನೋ ಯುಎಸ್‌ಬಿ ಚಿಪ್. 2022ರಲ್ಲಿ ಉಬುಂಟು 22.04 ಬಂದಾಗ ಇಂಥ ಬೋರ್ಡ್ ಸಿಕ್ಕಿಸಿದರೆ, ಅದರ ಜೊತೆ ಕಂಪ್ಯೂಟರ್ ಮಾತಾಡುವ ಸೀರಿಯಲ್ ಪೋರ್ಟ್ ಒಂದು ಕ್ಷಣ ಕಾಣಿಸಿ ಮಾಯವಾಗುತ್ತಿತ್ತು. ಕೇಬಲ್ ಬದಲಿಸಿದರೂ ಅಷ್ಟೇ, ಬೋರ್ಡ್ ಬದಲಿಸಿದರೂ ಅಷ್ಟೇ. ತಪ್ಪು ಇದ್ದದ್ದು ಒಂದೇ ಒಂದು ಸಾಲಿನಲ್ಲಿ. ಕಣ್ಣು ಕಾಣದವರು ಬಳಸುವ ಒಂದು ಬ್ರೈಲ್ ಸಾಧನಕ್ಕೂ ಈ ಚಿಪ್‌ಗೂ ಗುರುತಿನ ಸಂಖ್ಯೆ ಒಂದೇ: 1ಎ86:7523. ಆ ಸಂಖ್ಯೆ ಕಂಡ ಕೂಡಲೇ ಬ್ರೈಲ್ ಪ್ರೋಗ್ರಾಂ ಎಬ್ಬಿಸು ಅಂತ ಯೂಡೆವ್‌ಗೆ ಒಂದು ನಿಯಮ ಬರೆದಿಟ್ಟಿದ್ದರು. ಆ ಪ್ರೋಗ್ರಾಂ ಎದ್ದು ಬಂದು ಪೋರ್ಟ್ ಕಿತ್ತುಕೊಳ್ಳುತ್ತಿತ್ತು.

ಯೂಡೆವ್ ಅಂದರೆ ಲಿನಕ್ಸ್‌ನ ಡಿವೈಸ್ ಮ್ಯಾನೇಜರ್. ಹೊಸ ಸಾಧನ ಬಂತು ಅಂತ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು, ಸುದ್ದಿ ಕೊಡುತ್ತದೆ. ಅದಕ್ಕೆ ಏನು ಹೆಸರು, ಯಾರಿಗೆ ಅನುಮತಿ, ಯಾವ ಪ್ರೋಗ್ರಾಂ ಶುರುವಾಗಬೇಕು ಅನ್ನೋದೆಲ್ಲ ಯೂಡೆವ್ ತೀರ್ಮಾನ. ಇದನ್ನು ತೆಗೆದು ಬೇರೆ ಏನಾದರೂ ಹಾಕಬೇಕು ಅನ್ನೋ ಜಗಳಕ್ಕೆ ಈಗ ಹತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸು.

ಮೊದಲು ಮ್ಯಾನೇಜರ್ ಅನ್ನೋದೇ ಇರಲಿಲ್ಲ. ಡೆವ್ ಅನ್ನೋ ಡೈರೆಕ್ಟರಿಯಲ್ಲಿ ಇರಬಹುದಾದ ಸಾಧನಗಳಿಗೆಲ್ಲ ಮೊದಲೇ ಸಾವಿರಾರು ಫೈಲ್ ಮಾಡಿಟ್ಟಿರುತ್ತಿದ್ದರು. ಮದುವೆ ಮನೆಯಲ್ಲಿ ಬಾರದವರಿಗೂ ಎಲೆ ಹಾಕಿಟ್ಟ ಹಾಗೆ. ನಿಜಕ್ಕೂ ಯಾವ ಸಾಧನ ಇದೆ ಅಂತ ಅದನ್ನು ನೋಡಿ ಹೇಳುವ ಹಾಗಿರಲಿಲ್ಲ. ಇದಕ್ಕೆ ಪರಿಹಾರ ಅಂತ ರಿಚರ್ಡ್ ಗೂಚ್ ಬರೆದದ್ದು ಡೆವ್‌ಎಫ್‌ಎಸ್. 2001ರ ಜನವರಿಯಲ್ಲಿ ಬಂದ 2.4 ಕರ್ನಲ್‌ನಲ್ಲಿ ಅದು ಇತ್ತು. ಅದೇ ವರ್ಷ ನಮ್ಮೂರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮಾವೇಶ ಶುರುವಾಯಿತು. ಮುಂದೆ ಫಾಸ್.ಇನ್ ಅಂತ ಹೆಸರಾದದ್ದು ಅದೇ.

ಡೆವ್‌ಎಫ್‌ಎಸ್ ಇದ್ದ ಸಾಧನಗಳನ್ನಷ್ಟೇ ತೋರಿಸುತ್ತಿತ್ತು, ಸರಿ. ಆದರೆ ಹೆಸರಿಡುವ ಕೆಲಸವನ್ನೂ ಕರ್ನಲ್ ಒಳಗೇ ತಂದಿತು. ಸುಲಭಕ್ಕೆ ಸರಿಹೋಗದ ಬಗ್‌ಗಳೂ ಇದ್ದವು. 2003ರಲ್ಲಿ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಯೂಡೆವ್ ಶುರು ಮಾಡಿದರು. ಹೆಸರಿನ ವಿಚಾರ ಕರ್ನಲ್‌ಗೆ ಬೇಡ, ಹೊರಗಿನ ಒಂದು ಪ್ರೋಗ್ರಾಂ ನೋಡಿಕೊಳ್ಳಲಿ ಅನ್ನೋದು ಅವರ ವಾದ. 2006ಕ್ಕೆ ಡೆವ್‌ಎಫ್‌ಎಸ್ ಕರ್ನಲ್‌ನಿಂದಲೇ ಹೊರಬಿತ್ತು. ತಮಾಷೆ ಅಂದರೆ, 2009ರ 2.6.32 ಕರ್ನಲ್‌ನಲ್ಲಿ ಡೆವ್‌ಟಿಎಂಪಿಎಫ್‌ಎಸ್ ಬಂತು. ಫೈಲ್ ಹುಟ್ಟಿಸುವ ಕೆಲಸ ಮತ್ತೆ ಕರ್ನಲ್‌ಗೇ ಹೋಯಿತು. ಅದನ್ನು ತಂದವರಲ್ಲಿ ಯೂಡೆವ್ ಬರೆದವರೇ ಇದ್ದರು!

ಅಂದರೆ 2009ರ ನಂತರ ಫೈಲ್ ಹುಟ್ಟಿಸೋಕೆ ಯೂಡೆವ್ ಬೇಕಾಗಿಯೇ ಇಲ್ಲ. ಮತ್ತೆ ಅದನ್ನು ಕಿತ್ತುಹಾಕೋದು ಯಾಕೆ ಕಷ್ಟ? ಅಷ್ಟು ಹೊತ್ತಿಗೆ ಉಳಿದವರೆಲ್ಲ ಅದನ್ನೇ ಕೇಳೋಕೆ ಶುರು ಮಾಡಿದ್ದರು. ಕೀಬೋರ್ಡ್, ಮೌಸ್ ಯಾವುದು ಅಂತ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಎಕ್ಸ್ ಸರ್ವರ್ ಮೊದಲು ಹಾಲ್ ಅನ್ನೋ ಪ್ರೋಗ್ರಾಂನ ಕೇಳುತ್ತಿತ್ತು. 2010ರಿಂದ ಯೂಡೆವ್‌ನ ಕೇಳತೊಡಗಿತು. ಟಚ್‌ಪ್ಯಾಡ್ ನೋಡಿಕೊಳ್ಳುವ ಲಿಬ್‌ಇನ್‌ಪುಟ್ ಕೂಡ ಲಿಬ್‌ಯೂಡೆವ್ ಅನ್ನೋ ಲೈಬ್ರರಿಯ ಮೇಲೇ ನಿಂತಿದೆ. ನನ್ನ ಪ್ರಕಾರ ಗಂಟು ಇರೋದು ಈ ಲೈಬ್ರರಿಯಲ್ಲಿ. ಕಿತ್ತಾಟ ಮಾತ್ರ ಯಾವಾಗಲೂ ಮ್ಯಾನೇಜರ್ ಬಗ್ಗೆ.

ಕಿತ್ತಾಟ ಜೋರಾದದ್ದು 2012ರಲ್ಲಿ. ಏಪ್ರಿಲ್‌ನಲ್ಲಿ ಯೂಡೆವ್ ಕೋಡನ್ನು, ಬೂಟ್ ಆದಾಗ ಉಳಿದ ಪ್ರೋಗ್ರಾಂಗಳನ್ನೆಲ್ಲ ಶುರು ಮಾಡಿ ನೋಡಿಕೊಳ್ಳುವ ಸಿಸ್ಟಂಡಿ ಯೋಜನೆಯೊಳಗೆ ಸೇರಿಸಿದರು. ಸಿಸ್ಟಂಡಿ ಕಂಡರೆ ಆಗದವರಿಗೆ ಇದು ದೊಡ್ಡ ಹೊಡೆತ. ಅದೇ ವರ್ಷ ಇನ್ನೊಂದು ರಗಳೆ. ಯೂಡೆವ್‌ನಲ್ಲಾದ ಬದಲಾವಣೆಯಿಂದ ಕೆಲವು ಡ್ರೈವರ್‌ಗಳು ಫರ್ಮ್‌ವೇರ್ (ಸಾಧನದ ಒಳಗೆ ಓಡುವ ಪ್ರೋಗ್ರಾಂ) ಸಿಗದೆ ಬೂಟ್ ವೇಳೆ ಸುಮ್ನೆ ಕಾಯುತ್ತಾ ಕೂರುತ್ತಿದ್ದವು. ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಸಿಟ್ಟಾಗಿ, ಕರ್ನಲ್ ತಾನೇ ಫರ್ಮ್‌ವೇರ್ ಓದಿಕೊಳ್ಳುವ ಹಾಗೆ ಮಾಡಿದರು. ಅದು ಬಂದದ್ದು ಡಿಸೆಂಬರ್‌ನ 3.7 ಕರ್ನಲ್‌ನಲ್ಲಿ. ಅದೇ ತಿಂಗಳು ಜೆಂಟೂ ಅನ್ನೋ ಲಿನಕ್ಸ್ ಆವೃತ್ತಿಯ ಡೆವಲಪರ್‌ಗಳು ಯೂಡೆವ್ ಕೋಡ್ ಬೇರೆ ಮಾಡಿಕೊಂಡು ಇಯೂಡೆವ್ ಪ್ರಕಟಿಸಿದರು.

ಸಿಸ್ಟಂಡಿ ಇಲ್ಲದೆ ಯೂಡೆವ್ ಓಡದ ಕಾಲ ಬರುತ್ತದೆ ಅನ್ನೋದು ಅವರ ಭಯ. ಭಯ ಸುಳ್ಳೇನಲ್ಲ. ಮುಂದೆ ಯೂಡೆವ್‌ಗೆ ಕೆಡಿಬಸ್ (ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸಲು ಕರ್ನಲ್ ಒಳಗೆ ತರಬೇಕೆಂದಿದ್ದ ವ್ಯವಸ್ಥೆ) ಬೇಕೇ ಬೇಕಾಗುತ್ತದೆ ಅಂತ 2014ರಲ್ಲಿ ಸಿಸ್ಟಂಡಿ ಕಡೆಯವರು ಬಹಿರಂಗವಾಗಿಯೇ ಎಚ್ಚರಿಸಿದ್ದರು. ಆದರೆ ಕೆಡಿಬಸ್ ಕರ್ನಲ್‌ಗೆ ಸೇರಲೇ ಇಲ್ಲ. ಯೂಡೆವ್ ಒಂದನ್ನೇ ಕಟ್ಟಿಕೊಂಡು ಓಡಿಸೋದು ಇವತ್ತಿಗೂ ಸಾಧ್ಯ. ಜೆಂಟೂ ಈಗ ಮಾಡುತ್ತಿರೋದೂ ಅದನ್ನೇ. 2021ರಲ್ಲಿ ಅವರು ಇಯೂಡೆವ್ ಕೈಬಿಡುತ್ತೇವೆ ಅಂದರು. ಮೂಲ ಯೂಡೆವ್ ಮುಂದೆ ಓಡುತ್ತಿತ್ತು, ಇದನ್ನು ಹಿಂದೆಯೇ ತಳ್ಳಿಕೊಂಡು ಹೋಗೋಕೆ ಕೈಗಳು ಸಾಲುತ್ತಿರಲಿಲ್ಲ. ಆಮೇಲೆ ಆಲ್ಪೈನ್, ಡೆವುವಾನ್ ಅನ್ನೋ ಬೇರೆ ಲಿನಕ್ಸ್ ಆವೃತ್ತಿಗಳ ಕಡೆಯವರು ಸೇರಿ ಅದನ್ನು ಉಳಿಸಿಕೊಂಡರು. ಸಿಸ್ಟಂಡಿ ಬೇಡ ಅಂತ ಡೆಬಿಯನ್‌ನಿಂದ ಒಡೆದುಬಂದ ಡೆವುವಾನ್‌ಗೆ ಇಯೂಡೆವ್ ಬಿಟ್ಟುಕೊಡೋದು ಸುಲಭದ ಮಾತಲ್ಲ ಅಲ್ವಾ?

ಇನ್ನೂ ಸಣ್ಣ ಮ್ಯಾನೇಜರ್‌ಗಳೂ ಇವೆ. ಹಲವು ಕಮಾಂಡ್‌ಗಳನ್ನು ಒಂದೇ ಪುಟ್ಟ ಪ್ರೋಗ್ರಾಂನಲ್ಲಿ ಕೊಡುವ ಬ್ಯುಸಿಬಾಕ್ಸ್ ಜೊತೆಗೇ ಬರುವ ಎಂಡೆವ್ ರೌಟರ್‌ನಂಥ ಪುಟ್ಟ ಸಾಧನಗಳಿಗೆ ಧಾರಾಳ ಸಾಕು. ಬೆಂಗಳೂರಿನಲ್ಲಿ ಎಂಬೆಡೆಡ್ ಕೆಲಸ ಮಾಡುವವರಿಗೆ ಇದು ಹಳೆ ಪರಿಚಯ. ಅದರ ನಿಯಮಗಳ ಫೈಲ್ ಒಂದು ಪುಟ ದಾಟೋದು ಕಡಿಮೆ, ಓದಿದ ಕೂಡಲೇ ಅರ್ಥವಾಗುತ್ತದೆ. ಸಿಎಚ್340 ಕಥೆಯಂಥ ರಗಳೆಯಲ್ಲಿ ತಪ್ಪಿತಸ್ಥ ಸಾಲು ಹುಡುಕೋದು ಅಲ್ಲಿ ಸಲೀಸು. ಆದರೆ ಅದರ ಮೇಲೆ ಪೂರ್ತಿ ಡೆಸ್ಕ್‌ಟಾಪ್ ಓಡಿಸೋಕೆ ಹೋದರೆ ಮತ್ತೆ ಅದೇ ಲಿಬ್‌ಯೂಡೆವ್ ಅಡ್ಡ ಬರುತ್ತದೆ. ಲಿಬ್‌ಯೂಡೆವ್-ಝೀರೋ ಹುಟ್ಟಿದ್ದು ಈ ಕಾರಣಕ್ಕೆ. ಕೇಳುವ ಪ್ರೋಗ್ರಾಂಗಳಿಗೆ ಅದೇ ಹೆಸರಿನ ಲೈಬ್ರರಿ ಕೊಡುತ್ತದೆ, ಹಿಂದೆ ಯೂಡೆವ್ ಮಾತ್ರ ಇರುವುದಿಲ್ಲ.

ವೈಟ್‌ಫೀಲ್ಡ್, ಕೋರಮಂಗಲದ ಆಫೀಸುಗಳಲ್ಲಿ ಆಲ್ಪೈನ್ ಅಂದರೆ ಕಂಟೇನರ್ (ಪ್ರೋಗ್ರಾಂ ಒಂದನ್ನು ಬೇರೆಯಾಗಿಟ್ಟು ಓಡಿಸುವ ಪೆಟ್ಟಿಗೆ) ಒಳಗಿನ ಪುಟ್ಟ ಲಿನಕ್ಸ್ ಅಷ್ಟೇ. ಕಂಟೇನರ್ ಒಳಗೆ ಡಿವೈಸ್ ಮ್ಯಾನೇಜರ್ ಓಡೋದೇ ಇಲ್ಲ, ಹಾಗಾಗಿ ಈ ಜಗಳ ಅವರಿಗೆ ತಟ್ಟಿಲ್ಲ. ಅದೇ ಆಲ್ಪೈನನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಬೇರೆ ಲೆಕ್ಕ. ಅಲ್ಲಿ ಸೆಟಪ್-ಡೆವ್‌ಡಿ ಅನ್ನೋ ಸ್ಕ್ರಿಪ್ಟ್ ಇದೆ. ಎಂಡೆವ್, ಅದರಂಥದ್ದೇ ಆದ ಎಂಡೆವ್‌ಡಿ, ಯೂಡೆವ್ ಮೂರರಲ್ಲಿ ಬೇಕಾದ್ದು ಆರಿಸಬಹುದು. ಗ್ನೋಮ್, ಕೆಡಿಇ ಥರದ ಡೆಸ್ಕ್‌ಟಾಪ್ ಬೇಕು ಅಂದರೆ ಸೆಟಪ್-ಡೆಸ್ಕ್‌ಟಾಪ್ ಅನ್ನೋ ಇನ್ನೊಂದು ಸ್ಕ್ರಿಪ್ಟ್ ನಿಮ್ಮನ್ನು ಮೂರನೆಯದಕ್ಕೇ ಕರೆದೊಯ್ಯುತ್ತದೆ.