ಒಂದು ಮಗುವಿನ ನಾಲ್ಕು ಉತ್ತರ

ಅಮೆರಿಕದ ಓಹಾಯೋದಲ್ಲಿ ಸ್ಟ್ಯೂಬೆನ್‌ವಿಲ್ ಅಂತ ಒಂದು ಉಕ್ಕಿನ ಊರು. ಗಾಳಿಯ ಕೊಳೆಗೂ ಉಸಿರಾಟಕ್ಕೂ ಇರುವ ನಂಟು ನೋಡಲು ಹಾರ್ವರ್ಡ್‌ನವರು 1970ರ ದಶಕದಲ್ಲಿ ಆರಿಸಿಕೊಂಡ ಆರು ಊರುಗಳಲ್ಲಿ ಇದೂ ಒಂದು. ಇಲ್ಲಿನ 537 ಮಕ್ಕಳ ಬಗ್ಗೆ, ಏಳನೇ ವಯಸ್ಸಿನಿಂದ ಹತ್ತರವರೆಗೆ, ವರ್ಷಕ್ಕೊಮ್ಮೆ ದಾಖಲಾದದ್ದು ಇಷ್ಟೇ: ಉಬ್ಬಸ ಇದೆಯಾ, ಇಲ್ವಾ?

ಒಟ್ಟು 2,148 ಉತ್ತರ. ಅದರಲ್ಲಿ 326 ‘ಹೌದು’, ಅಂದರೆ ನೂರಕ್ಕೆ ಸುಮಾರು 15. ಪ್ರತಿ ಉತ್ತರವೂ ಬಿಡಿಬಿಡಿ ಎಂದುಕೊಂಡರೆ, ನಾಲ್ಕು ವರ್ಷವೂ ‘ಹೌದು’ ಬರುವ ಮಗು ಇಡೀ ಗುಂಪಿನಲ್ಲಿ ಒಂದೂ ಸಿಗುವುದು ಅನುಮಾನ. ಸಿಕ್ಕಿದ್ದು 18! ಹೋದ ವರ್ಷ ಉಬ್ಬಸಪಟ್ಟ ಮಗುವೇ ಈ ವರ್ಷವೂ ಪಡುವುದು ಜಾಸ್ತಿ, ಅಲ್ವಾ? ಯಾವ ತಾಯಿಗಾದರೂ ಗೊತ್ತಿರುವ ಮಾತು. ಅದನ್ನು ಲೆಕ್ಕದೊಳಗೆ ತರಲು ಮಾತ್ರ ದಶಕಗಳೇ ಬೇಕಾದವು.

ಮೊದಲ ದಾರಿ ತೋರಿಸಿದ್ದು ಮನಃಶಾಸ್ತ್ರಜ್ಞ ಕ್ವಿನ್ ಮೆಕ್‌ನೆಮಾರ್, 1947ರಲ್ಲಿ. ಒಬ್ಬರನ್ನೇ ಎರಡು ಸಲ ಕೇಳಿದಾಗ, ಉತ್ತರ ಬದಲಿಸದವರನ್ನು ಪಕ್ಕಕ್ಕಿಡಿ ಎಂದರು. ‘ಹೌದು’ ಬಿಟ್ಟು ‘ಇಲ್ಲ’ಕ್ಕೆ ಬಂದವರು 15, ಆ ಕಡೆಯಿಂದ ಈ ಕಡೆಗೆ 5 ಜನ ಎಂದಾದರೆ, ಆ 20 ಜನರನ್ನಷ್ಟೇ ನೋಡಿ, ಬದಲಾವಣೆ ಯಾವ ಕಡೆಗೆ ವಾಲಿದೆ ಅಂತ. ಎಷ್ಟು ಸರಳ! 1950ರಲ್ಲಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಕಾಕ್ರನ್ ಇದನ್ನು ಎರಡಕ್ಕಿಂತ ಹೆಚ್ಚು ಸಲಕ್ಕೆ ಹಿಗ್ಗಿಸಿದರು. 1969ರಲ್ಲಿ ಗ್ರಿಝಲ್, ಸ್ಟಾರ್ಮರ್, ಕಾಚ್ ಇನ್ನೂ ದೊಡ್ಡ ಕೋಷ್ಟಕಗಳಿಗೆ ದಾರಿ ಮಾಡಿದರು. ಆದರೆ ‘ಹೌದು’-‘ಇಲ್ಲ’ಗಳ ಒಂದೊಂದು ಸರಣಿಗೂ ಒಂದೊಂದು ಮನೆ ಬೇಕು; ನಾಲ್ಕು ಸಲಕ್ಕೆ 16 ಮನೆಗಳಿರುವ ಕೋಷ್ಟಕ, ಹತ್ತು ಸಲ ಕೇಳಿದರೆ 1,024ಕ್ಕೆ ಬೆಳೆಯುತ್ತದೆ. ಅಷ್ಟು ಮನೆ ತುಂಬಲು ಮಕ್ಕಳನ್ನು ಎಲ್ಲಿಂದ ತರೋದು?

ಗಂಟು ಸಡಿಲವಾದದ್ದು 1986ರಲ್ಲಿ. ಜಾನ್ಸ್ ಹಾಪ್‌ಕಿನ್ಸ್‌ನ ಕುಂಗ್-ಯೀ ಲಿಯಾಂಗ್ ಮತ್ತು ಸ್ಕಾಟ್ ಝೀಗರ್ ತಂದ ವಿಧಾನಕ್ಕೆ ಈಗ ಎಲ್ಲರೂ ಜಿಇಇ (ಜನರಲೈಸ್ಡ್ ಎಸ್ಟಿಮೇಟಿಂಗ್ ಇಕ್ವೇಶನ್ಸ್) ಅಂತಾರೆ. ಒಂದೇ ಮಗುವಿನ ಉತ್ತರಗಳ ನಡುವಿನ ನಂಟು ಹೇಗಿದೆ ಎಂದು ಒಂದು ಊಹೆ ಇಟ್ಟುಕೊಳ್ಳಿ. ಊಹೆ ತಪ್ಪಿದರೂ ಪರವಾಗಿಲ್ಲ. ಮಕ್ಕಳ ಸಂಖ್ಯೆ ಸಾಕಷ್ಟಿದ್ದರೆ, ಫಲಿತಾಂಶ ಎಷ್ಟು ಅತ್ತಿತ್ತ ಓಡಾಡಬಹುದು ಎಂಬುದನ್ನು ದತ್ತಾಂಶದಿಂದಲೇ ಸರಿಪಡಿಸಿಕೊಳ್ಳಬಹುದು. ನನಗಂತೂ ಈ ಧೈರ್ಯವೇ ಇಷ್ಟ. ಇದಕ್ಕೆ ಬುನಾದಿ ಹಾಕಿದ್ದು 1974ರಲ್ಲಿ ಸಂಖ್ಯಾಶಾಸ್ತ್ರಜ್ಞ ರಾಬರ್ಟ್ ವೆಡರ್‌ಬರ್ನ್. ಮರುವರ್ಷವೇ, ಮೂವತ್ತೂ ತುಂಬುವ ಮೊದಲು, ಅವರು ತೀರಿಕೊಂಡರು.

ಮತ್ತೆ ಸ್ಟ್ಯೂಬೆನ್‌ವಿಲ್‌ಗೆ ಬರೋಣ. ಸಿಗರೇಟು ಸೇದುವ ತಾಯಂದಿರ ಮಕ್ಕಳಲ್ಲಿ ‘ಹೌದು’ ಉತ್ತರ ನೂರಕ್ಕೆ 17.5, ಉಳಿದವರಲ್ಲಿ 13.9. 2,148 ಉತ್ತರವನ್ನೂ ಸುಮ್ನೆ ಬಿಡಿ ಮಕ್ಕಳಂತೆ ಎಣಿಸಿದರೆ, ಈ ವ್ಯತ್ಯಾಸ ಆಕಸ್ಮಿಕವಲ್ಲ ಎಂದೇ ಲೆಕ್ಕ ಹೇಳುತ್ತದೆ. ಜಿಇಇ ಹಾಕಿದರೆ ವ್ಯತ್ಯಾಸ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಆದರೆ ಅನಿಶ್ಚಿತತೆ ಸುಮಾರು ಒಂದೂವರೆ ಪಟ್ಟಾಗಿ, ಆಕಸ್ಮಿಕವೂ ಇರಬಹುದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹೊಗೆಯಿಂದ ತೊಂದರೆಯಿಲ್ಲ ಅಂತ ಇದರರ್ಥವಲ್ಲ. ಅಲ್ಲಿದ್ದದ್ದು 537 ಮಕ್ಕಳು, 2,148 ಅಲ್ಲ, ಅಷ್ಟೇ.