ಮರೆಸುವ ಬಣ್ಣ, ಮೆರೆಸುವ ಬಣ್ಣ

ಗಂಡಸಿನ ಮುಖವನ್ನು ಹೆಣ್ಣಾಗಿಸಲು ಕುಳಿತಾಗ ಬಣ್ಣಗಾರನಿಗೆ ಮೊದಲು ಎದುರಾಗುವ ತೊಡಕು, ನುಣ್ಣಗೆ ಕ್ಷೌರ ಮಾಡಿದ ಮೇಲೂ ಕೆನ್ನೆ, ಗದ್ದಗಳ ಚರ್ಮದಡಿಯಲ್ಲಿ ಉಳಿಯುವ ಗಡ್ಡದ ನೆರಳು. ಹೊಸಬರು ಅದರ ಮೇಲೆ ನೇರವಾಗಿ ಮೈಬಣ್ಣದ ಫೌಂಡೇಶನ್ ಬಳಿಯುತ್ತಾರೆ. ದೀಪ ಬಿದ್ದೊಡನೆ ಮುಖದ ಕೆಳಭಾಗ ಬೂದಿ ಮೆತ್ತಿದಂತೆ ಕಾಣುತ್ತದೆ. ಆ ನೆರಳು ನೀಲಿ-ಹಸಿರಿನ ಕಡೆಗೆ ವಾಲುವುದರಿಂದ, ಅದನ್ನು ಕೊಲ್ಲುವ ಕಿತ್ತಳೆ ಅಥವಾ ಇಟ್ಟಿಗೆಗೆಂಪು ಬಣ್ಣವನ್ನು ಮೊದಲು ತೆಳುವಾಗಿ ತಟ್ಟಿ, ಪೌಡರಿನಿಂದ ಕೂರಿಸಿ, ಆಮೇಲೆಯೇ ಮೈಬಣ್ಣಕ್ಕೆ ಕೈಹಾಕಬೇಕು.

ಬಿಲ್ಲಿ ವೈಲ್ಡರ್ 1959ರ ‘ಸಮ್ ಲೈಕ್ ಇಟ್ ಹಾಟ್’ ಚಿತ್ರವನ್ನು ಕಪ್ಪು-ಬಿಳುಪಿನಲ್ಲಿ ತೆಗೆದದ್ದರ ಹಿಂದೆಯೂ ಮೇಕಪ್ಪಿನ ತೊಡಕೇ ಇತ್ತು. ಟೋನಿ ಕರ್ಟಿಸ್ ಮತ್ತು ಜ್ಯಾಕ್ ಲೆಮನ್ ಅವರ ದಟ್ಟವಾಗಿ ಬಣ್ಣ ಹಚ್ಚಿದ ಮುಖಗಳು ಬಣ್ಣದ ಫಿಲ್ಮಿನ ಪರೀಕ್ಷೆಯಲ್ಲಿ ಹಸಿರಾಗಿ ಕಂಡವು; ಬಣ್ಣದ ಚಿತ್ರವೇ ಆಗಬೇಕೆಂದಿದ್ದ ಮರ್ಲಿನ್ ಮನ್ರೋ ಆ ಪರೀಕ್ಷೆಯ ತುಣುಕುಗಳನ್ನು ನೋಡಿದ ಮೇಲೆ ಒಪ್ಪಿಕೊಂಡರು. ಕೊಲೆಗಡುಕರಿಂದ ತಪ್ಪಿಸಿಕೊಳ್ಳಲು ಹೆಂಗಸರ ವಾದ್ಯತಂಡಕ್ಕೆ ಸೇರುವ ಇಬ್ಬರು ವಾದಕರ ಕಥೆ ಅದು. ಅಲ್ಲಿ ಬಣ್ಣ ಸಿಕ್ಕಿಬಿದ್ದರೆ ಜೀವ ಹೋಗುತ್ತದೆ, ಕಥೆಯೂ ನಿಲ್ಲುತ್ತದೆ. ಇಂಥ ಕೆಲಸವನ್ನು ನಾನು ಮರೆಸುವ ಬಣ್ಣ ಎನ್ನುತ್ತೇನೆ. 1993ರ ‘ಮಿಸೆಸ್ ಡೌಟ್‌ಫೈರ್’ನಲ್ಲಿ ರಾಬಿನ್ ವಿಲಿಯಮ್ಸ್ ಅವರನ್ನು ಮುದುಕಿಯಾಗಿಸಿದ್ದೂ, 1996ರ ತಮಿಳಿನ ‘ಅವ್ವೈ ಷಣ್ಮುಗಿ’ಗಾಗಿ ಮೈಕಲ್ ವೆಸ್ಟ್‌ಮೋರ್ ಅವರು ಕಮಲ್ ಹಾಸನ್ ಅವರಿಗೆ ಕೃತಕ ಮುಖಭಾಗಗಳನ್ನು ಅಂಟಿಸಿ ಮಾಮಿಯಾಗಿಸಿದ್ದೂ ಇದೇ ಜಾತಿಯ ಕೆಲಸ.

ಡ್ರ್ಯಾಗ್, ಅಂದರೆ ಗಂಡಸರು ಹೆಣ್ಣಿನ ವೇಷವನ್ನು ಬೇಕೆಂದೇ ಅತಿಯಾಗಿಸಿ ಮೆರೆಸುವ ಪ್ರದರ್ಶನ ಕಲೆ, ಇದಕ್ಕೆ ತೀರಾ ಎದುರು ದಿಕ್ಕಿನದು. ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ ವಾಟರ್ಸ್ ಅಗ್ಗದ ಖರ್ಚಿನಲ್ಲಿ ತೆಗೆದ, ಆಮೇಲೆ ನಡುರಾತ್ರಿಯ ಪ್ರದರ್ಶನಗಳಿಂದ ಹೆಸರಾದ 1972ರ ‘ಪಿಂಕ್ ಫ್ಲೆಮಿಂಗೋಸ್’ ಚಿತ್ರದ ಡ್ರ್ಯಾಗ್ ನಟ ಡಿವೈನ್ ಅವರ ಮುಖವನ್ನು ನೋಡಿ. ಆ ಮುಖವನ್ನು ರೂಪಿಸಿದ ವ್ಯಾನ್ ಸ್ಮಿತ್, ಕಣ್ಣಿನ ಬಣ್ಣಕ್ಕೆ ಹಣೆ ಸಾಲದೆಂದು ಡಿವೈನ್ ಅವರ ಮುಂದಲೆಯ ಕೂದಲನ್ನು ನೆತ್ತಿಯ ಕಡೆಗೆ ಬೋಳಿಸಿಬಿಟ್ಟರು. ಹುಬ್ಬು ಹುಬ್ಬಿನ ಜಾಗದಲ್ಲಿಲ್ಲ. ಹಣೆಯ ನಡುವಿನವರೆಗೆ ಬಿಲ್ಲಿನಂತೆ ಏರಿದೆ. ಇಲ್ಲಿ ಯಾರನ್ನೂ ನಂಬಿಸಬೇಕಾಗಿಲ್ಲ. ಬಣ್ಣ ತಾನು ಬಣ್ಣವೆಂದು ಸಾರಿಕೊಂಡು ಮೆರೆಯುತ್ತದೆ. ಆದರೆ ಇದಕ್ಕೆ ಬೇಕಾದ ಕೈಚಳಕ ಕಡಿಮೆಯದೆಂದು ಭಾವಿಸಬಾರದು. ನಟನ ಸ್ವಂತ ಹುಬ್ಬಿನ ಕೂದಲನ್ನು ಅಂಟಿನ ಕಡ್ಡಿಯಿಂದ ಮೇಲ್ಮುಖವಾಗಿ ಒತ್ತಿ ಮಲಗಿಸಿ, ಒಣಗಿಸಿ, ಪೌಡರ್ ಹಾಕಿ, ಮತ್ತೆ ಅಂಟು ಸವರಿ, ಹೀಗೆ ಮೂರು ನಾಲ್ಕು ಪದರವಾದ ಮೇಲೆ ಬೆರಳಾಡಿಸಿದರೆ ಕೂದಲು ತಾಗಬಾರದು. ಆ ನುಣುಪಿನ ಮೇಲೆ ಹೊಸ ಹುಬ್ಬು ನಿಲ್ಲುತ್ತದೆ. ಅವಸರಪಟ್ಟರೆ ಬೆವರಿನ ಮೊದಲ ಹನಿಗೇ ಒಳಗಿನ ಹುಬ್ಬು ಎದ್ದು ಬರುತ್ತದೆ.

ಈ ಎರಡು ಕೆಲಸಗಳ ನಡುವಿನ ಗೆರೆ ನಮ್ಮ ಚಿತ್ರೀಕರಣಗಳಲ್ಲಿ ಅಳಿಸಿಹೋಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಒಮ್ಮೆ ಒಬ್ಬ ನಿರ್ದೇಶಕರು ಬಣ್ಣ ಮುಗಿಯುವ ಹೊತ್ತಿಗೆ ಬಂದು, “ಗಡ್ಡ ಇಷ್ಟು ಚೆನ್ನಾಗಿ ಮುಚ್ಚಬೇಡಿ ಸಾರ್, ಸ್ವಲ್ಪ ಕಾಣ್ಲಿ, ಜನ ನಗಬೇಕಲ್ಲ” ಎಂದರು. ಕುರ್ಚಿಯಲ್ಲಿದ್ದ ಹುಡುಗ ಕನ್ನಡಿಯಲ್ಲಿ ಒಮ್ಮೆ ನನ್ನ ಕಡೆ ನೋಡಿ ಕಣ್ಣು ಕೆಳಗಿಳಿಸಿದ. ಅದುವರೆಗೆ ಅವನು ಕತ್ತು ನೇರ ಮಾಡಿಕೊಂಡು ಆ ಪಾತ್ರದೊಳಗೆ ಕೂತಿದ್ದ. ಅವರು ಕೇಳಿದ್ದು ಮರೆಸುವ ಬಣ್ಣವೂ ಅಲ್ಲ, ಮೆರೆಸುವ ಬಣ್ಣವೂ ಅಲ್ಲ. ಹೆಣ್ಣಿನ ಬಟ್ಟೆ ತೊಡುವುದೇ ಗಂಡಿಗೆ ಅವಮಾನ ಎಂಬ ನಂಬಿಕೆಗೆ ಬೇಕಾದ ಅರೆಬರೆ ಕೆಲಸ. ಮುಖ್ಯವಾಹಿನಿಯ ಹಾಸ್ಯ ದೃಶ್ಯಗಳಲ್ಲಿ ಇದು ಎಷ್ಟು ಸಲ ಬಂದಿದೆಯೆಂದರೆ, ಹೆಂಗಸಿನ ವೇಷ ಎಂದೊಡನೆ ನಮ್ಮವರಿಗೆ ಇದೇ ನೆನಪಾಗುತ್ತದೆ. ಯಕ್ಷಗಾನದ ಚೌಕಿಯಲ್ಲಿ ತಾವೇ ಬಣ್ಣ ಬರೆದುಕೊಂಡು ರಂಗಕ್ಕೆ ಬರುವ ಸ್ತ್ರೀವೇಷದ ಕಲಾವಿದರ ದಮಯಂತಿಯನ್ನು ಕಂಡು ಕಣ್ಣು ಒದ್ದೆ ಮಾಡಿಕೊಳ್ಳುವ ಊರಿನಲ್ಲಿ ಹೀಗಾಗಿರುವುದು ನನಗೆ ನೋವಿನ ಸಂಗತಿ. ವೇಷದೊಳಗೆ ಗಂಡಸಿದ್ದಾನೆಂದು ಆ ಪ್ರೇಕ್ಷಕರಿಗೆಲ್ಲ ಗೊತ್ತು. ಆದರೂ ಅವರು ಅಳುವುದು ದಮಯಂತಿಗಾಗಿ.

ವೇಷವನ್ನು ನಗೆಪಾಟಲು ಮಾಡದೆ ಪಾತ್ರವಾಗಿಸುವುದಕ್ಕೆ ಡಿವೈನ್ ಅವರೇ ಇನ್ನೊಂದು ಉದಾಹರಣೆಯನ್ನು ಬಿಟ್ಟುಹೋಗಿದ್ದಾರೆ. 1988ರ ‘ಹೇರ್‌ಸ್ಪ್ರೇ’ಯಲ್ಲಿ ಅವರು ಇಸ್ತ್ರಿ ಮಾಡುತ್ತಾ ಮಗಳನ್ನು ಗದರುವ, ಮಾಸಲು ಉಡುಪಿನ ಸಾಧಾರಣ ತಾಯಿ ಎಡ್ನಾ. ಬಣ್ಣಗಾರರು ಅದೇ ವ್ಯಾನ್ ಸ್ಮಿತ್, ಆದರೆ ಆಕಾಶಕ್ಕೇರಿದ ಆ ಹುಬ್ಬುಗಳಿಲ್ಲ. ಅದೇ ಚಿತ್ರದಲ್ಲಿ ಡಿವೈನ್ ಟಿವಿ ಕೇಂದ್ರದ ಒಡೆಯನಾಗಿ ಗಂಡಸಿನ ಪಾತ್ರವನ್ನೂ ಮಾಡಿದ್ದಾರೆ. ಚಿತ್ರ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. 2007ರಲ್ಲಿ ಎಡ್ನಾ ಪಾತ್ರ ಜಾನ್ ಟ್ರವೋಲ್ಟಾ ಅವರಿಗೆ ಬಂದಾಗ, ಕೃತಕ ಕೆನ್ನೆ, ದಪ್ಪ ಮೈಯ ಸೂಟುಗಳ ಅಡಿಯಲ್ಲಿ ಅವರನ್ನು ಪೂರ್ತಿ ಹುದುಗಿಸಲಾಯಿತು. ಕೆಲಸ ಅಚ್ಚುಕಟ್ಟಾಗಿದೆ, ಆದರೂ ನನ್ನ ಮನಸ್ಸು ಹಳೆಯ ಎಡ್ನಾಳ ಕಡೆಗೇ ಹೋಗುತ್ತದೆ; ಅಲ್ಲಿ ನಟನ ಸ್ವಂತ ಚರ್ಮ ಅಲುಗುವುದು ಕಾಣುತ್ತದೆ.

ಈ ಮಾತುಗಳನ್ನು ಲಿಂಗತ್ವ ಅಲ್ಪಸಂಖ್ಯಾತರ ಪಾತ್ರಗಳಿಗೆ ಹಾಗೆಯೇ ಅನ್ವಯಿಸಬಾರದು. ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ಸಂಚಾರಿ ವಿಜಯ್ ಅವರ ನಟನೆಯ ಜತೆಗೆ ಪ್ರಸಾಧನಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ಸೀರೆಯುಟ್ಟವಳು ವೇಷ ಹಾಕಿಕೊಂಡವಳಲ್ಲ. ಅದಕ್ಕೆ ಮೊದಲಿನ ಪ್ಯಾಂಟು ಶರ್ಟುಗಳೇ ಅವಳಿಗೆ ವೇಷ.

ಹೀಗಾಗಿ ಈಗ ನಾನು ಪೆಟ್ಟಿಗೆ ತೆರೆಯುವ ಮೊದಲು ದೃಶ್ಯವನ್ನು ಪೂರ್ತಿ ಓದಿಸಿಕೊಳ್ಳುತ್ತೇನೆ. ಇದು ವೇಷವೆಂದು ಪಾತ್ರಕ್ಕೆ ಅನಿಸುತ್ತದೆಯೇ, ಎದುರಿಗಿರುವ ಪಾತ್ರಗಳಿಗೆ ಗೊತ್ತಿದೆಯೇ, ಪ್ರೇಕ್ಷಕರಿಗೆ ಗೊತ್ತಾಗಬೇಕೇ ಎಂದು ಕೇಳುತ್ತೇನೆ. ಅಂಟಿನ ಕಡ್ಡಿ ಹುಬ್ಬಿನ ಮೇಲೆ ಓಡಬೇಕೋ ಬೇಡವೋ ಎಂಬುದು ಆ ಉತ್ತರ ಸಿಕ್ಕ ಮೇಲಿನ ಮಾತು.