ದಿನಕ್ಕೊಂದು ಜಿ.ಕೆ.: ಓದಿದ್ದು ಉಳಿಯೋದು ಯಾವಾಗ?

ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೊರಡುವ ಬೆಳಗಿನ ರೈಲು ಬಂಗಾರಪೇಟೆ ದಾಟಿತೆಂದರೆ ನಿಲ್ಲೋಕೂ ಜಾಗ ಇರುವುದಿಲ್ಲ. ಮೊಬೈಲ್ ಹಿಡಿಯೋಕೆ ಮಾತ್ರ ಹೇಗೋ ಜಾಗ ಸಿಗುತ್ತದೆ. ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರ ವಾಟ್ಸ್‌ಆ್ಯಪ್ ಗ್ರೂಪುಗಳಿಗೆ ಅಷ್ಟೊತ್ತಿಗಾಗಲೇ ಐದು ಇಂಗ್ಲಿಷ್ ಪದ, ಇತಿಹಾಸದಲ್ಲಿ ಈ ದಿನ, ಹತ್ತು ಜಿ.ಕೆ. ಪ್ರಶ್ನೆ ಬಂದು ಬಿದ್ದಿರುತ್ತವೆ. ಪ್ರಶ್ನೆಯ ಕೆಳಗೇ ಉತ್ತರ. ಓದಿದ್ದಾಯಿತು, ಮುಂದಿನದು. ವೈಟ್‌ಫೀಲ್ಡ್ ಬರುವ ಹೊತ್ತಿಗೆ ಇದರಲ್ಲಿ ಎಷ್ಟು ನೆನಪಿರುತ್ತದೆ? ಜಾಸ್ತಿ ಇರುವುದಿಲ್ಲ.

ಮರೆವನ್ನು ಮೊದಲು ಅಳೆದು ನೋಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅವರ ಪುಸ್ತಕ ಬಂದದ್ದು 1885ರಲ್ಲಿ. ಪ್ರಯೋಗಕ್ಕೆ ಬೇರೆ ಯಾರನ್ನೂ ಕರೆಯಲಿಲ್ಲ, ತಮ್ಮ ಮೇಲೇ ಮಾಡಿಕೊಂಡರು. ಅರ್ಥವೇ ಇಲ್ಲದ ಪುಟ್ಟ ಪುಟ್ಟ ಶಬ್ದಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದು, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕಲಿಯುವುದು, ಎರಡನೇ ಸಲ ಎಷ್ಟು ಶ್ರಮ ಉಳಿಯಿತು ಅಂತ ಲೆಕ್ಕ ಹಾಕುವುದು. ಇಪ್ಪತ್ತು ನಿಮಿಷ ಬಿಟ್ಟರೆ ಉಳಿತಾಯ ಸುಮಾರು ಶೇ 58. ಒಂದು ಗಂಟೆಗೆ ಶೇ 44. ಒಂದು ದಿನಕ್ಕೆ ಶೇ 34. ತಿಂಗಳಾದ ಮೇಲೆ ಶೇ 21. ಹೋಗುವುದರಲ್ಲಿ ಹೆಚ್ಚಿನದು ಮೊದಲ ಗಂಟೆಗಳಲ್ಲೇ ಹೋಗುತ್ತದೆ. ಅಷ್ಟಾಗಿಯೂ ಉಳಿದದ್ದು ಸುಲಭಕ್ಕೆ ಬಿಟ್ಟು ಹೋಗುವುದಿಲ್ಲ.

ಅವರೇ ಇನ್ನೊಂದನ್ನೂ ಕಂಡರು. ಒಂದು ಪಟ್ಟಿಯನ್ನು ಒಂದೇ ಕೂತಲ್ಲಿ 68 ಸಲ ಉರು ಹೊಡೆದರೆ ಸಿಗುವ ಫಲ, ಮೂರು ದಿನಕ್ಕೆ ಹಂಚಿಕೊಂಡರೆ 38 ಸಲಕ್ಕೇ ಸಿಕ್ಕಿತು. ಹಾಗಾದರೆ ದಿನಕ್ಕೆ ಇಷ್ಟಿಷ್ಟೇ ಕಲಿಯುವುದು ಒಳ್ಳೆಯದೇ ಆಯಿತಲ್ವಾ? ಹೌದು, ಆದರೆ ನಿನ್ನೆಯದು ಇವತ್ತು ಮತ್ತೆ ಬರಬೇಕು. ಗ್ರೂಪುಗಳಲ್ಲಿ ಅದು ಬರುವುದೇ ಇಲ್ಲ. ದಿನವೂ ಹೊಸ ಹತ್ತು, ಹಳೆಯದನ್ನು ಕೇಳುವವರಿಲ್ಲ.

ಸುಮ್ನೆ ಮತ್ತೊಮ್ಮೆ ಓದಿದರೂ ಸಾಲದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಕೆಲವು ವಿದ್ಯಾರ್ಥಿಗಳು ಪಾಠವನ್ನು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದವರೇ ಮುಂದು: ಅವರದು ಶೇ 81, ಬರೆದವರದು ಶೇ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ಉಲ್ಟಾ. ಓದಿದವರು ಶೇ 42, ಬರೆದವರು ಶೇ 56. ಮತ್ತೆ ಮತ್ತೆ ಓದಿದಾಗ ‘ಬಂತು’ ಅನಿಸುತ್ತದಲ್ಲ, ಆ ಅನಿಸಿಕೆಯನ್ನು ನಂಬುವ ಹಾಗಿಲ್ಲ. ಉತ್ತರ ಮುಚ್ಚಿಟ್ಟು, ತಿಣುಕಾಡಿ ನೆನೆಸಿಕೊಂಡರೇ ಅದು ಗಟ್ಟಿಯಾಗುವುದು. ಪ್ರಶ್ನೆಯ ಕೆಳಗೇ ಉತ್ತರ ಹಾಕುವ ಅಡ್ಮಿನ್‌ಗಳು ಈ ತಿಣುಕಾಟವನ್ನೇ ತಪ್ಪಿಸಿಬಿಡುತ್ತಾರೆ.

ಎಷ್ಟು ದಿನ ಬಿಟ್ಟು ಕೇಳಬೇಕು? 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಇಂಥ ಜಿ.ಕೆ. ಸಂಗತಿಗಳನ್ನೇ ಕಲಿಸಿ ನೋಡಿದ್ದರು. ಪರೀಕ್ಷೆ ಒಂದು ವಾರಕ್ಕಿದ್ದರೆ ಒಂದು ದಿನ ಬಿಟ್ಟು ನೋಡಿದ್ದು ಚೆನ್ನಾಗಿ ಕೆಲಸ ಮಾಡಿತು. ಸುಮಾರು ಒಂದು ವರ್ಷಕ್ಕಿದ್ದರೆ ಮೂರು ವಾರ ಬಿಟ್ಟದ್ದು.

ಇನ್ನು ಒಂಟಿ ಸಂಗತಿಯ ಕಷ್ಟ. ‘ವಾತಾವರಣದ ನ್ಯೂಟ್ರಿನೊ ಮೊದಲು ಪತ್ತೆಯಾದ ಜಾಗಗಳಲ್ಲೊಂದು: ಕೆ.ಜಿ.ಎಫ್., 1965.’ ನ್ಯೂಟ್ರಿನೊ ಅಂದರೆ ಯಾವುದಕ್ಕೂ ಸುಲಭಕ್ಕೆ ತಗುಲದ ಅತಿ ಪುಟ್ಟ ಕಣ. ಇಷ್ಟನ್ನೇ ಓದಿದರೆ ನಾಳೆಗೆ ಮರೆತುಹೋಗುತ್ತದೆ. ಅಲ್ಲೇ ಯಾಕೆ ಅಂತ ಕೇಳಿ ನೋಡಿ. ಬಾಹ್ಯಾಕಾಶದಿಂದ ಬರುವ ಕಿರಣಗಳು ಗಾಳಿಗೆ ಬಡಿದು ಕಣಗಳ ಮಳೆಯನ್ನೇ ಸುರಿಸುತ್ತವೆ. ಆ ಗದ್ದಲದಲ್ಲಿ ನ್ಯೂಟ್ರಿನೊದ ಅಪರೂಪದ ಸುಳಿವು ಸಿಗುವುದಿಲ್ಲ. ಉಳಿದ ಕಣಗಳನ್ನು ತಡೆಯೋಕೆ ತಲೆಯ ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚು ಬಂಡೆ ಬೇಕು. ನ್ಯೂಟ್ರಿನೊ ಮಾತ್ರ ಬಂಡೆಯನ್ನೂ ತೂರಿ ಬರುತ್ತದೆ. ಅಷ್ಟು ಆಳವನ್ನು ವಿಜ್ಞಾನಕ್ಕೋಸ್ಕರ ಯಾರು ತೋಡಿಸುತ್ತಾರೆ? ಚಿನ್ನಕ್ಕೋಸ್ಕರ ಆಗಲೇ ತೋಡಿತ್ತು. ಅದೇ ವರ್ಷ ಇನ್ನೊಂದು ತಂಡ ನ್ಯೂಟ್ರಿನೊ ಕಂಡದ್ದು ದಕ್ಷಿಣ ಆಫ್ರಿಕಾದಲ್ಲಿ, ಅದೂ ಚಿನ್ನದ ಗಣಿಯೇ. ಆಳದ ಗಣಿ ನಡೆಸೋಕೆ ಕರೆಂಟು ಬೇಕಲ್ಲ, ಅದಕ್ಕೇ 1902ರಲ್ಲೇ ಶಿವನಸಮುದ್ರದಿಂದ ಕೆ.ಜಿ.ಎಫ್.ಗೆ ತಂತಿ ಎಳೆದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ. ಈಗ ಮೂರು ಇಸವಿಗಳು ಒಂದಕ್ಕೊಂದು ತಗುಲಿಕೊಂಡಿವೆ. ಒಂದನ್ನು ಎಳೆದರೆ ಇನ್ನೆರಡು ಬರುತ್ತವೆ.

ಪದೇ ಪದೇ ಕಣ್ಣಿಗೆ ಬೀಳುವುದರಲ್ಲಿ ಒಂದು ಅಪಾಯವೂ ಇದೆ. ಒಂದೇ ಹೇಳಿಕೆಯನ್ನು ಮತ್ತೆ ಮತ್ತೆ ಕೇಳಿದವರಿಗೆ ಅದು ನಿಜ ಅನಿಸತೊಡಗುತ್ತದೆ, ಸುಳ್ಳಾಗಿದ್ದರೂ ಸರಿ. 1977ರಲ್ಲೇ ಇದನ್ನು ಪ್ರಯೋಗದಲ್ಲಿ ತೋರಿಸಿದ್ದಾರೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠ ಎಂದು ಘೋಷಿಸಿದೆ ಅನ್ನುವ ಸಂದೇಶ ಇನ್ನೂ ಓಡಾಡುತ್ತಿರುವುದು ಹೀಗೇ. ಯುನೆಸ್ಕೊ ಅಂಥದ್ದೇನೂ ಘೋಷಿಸಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, ಕೋಲಾರದ ಎಪಿಎಂಸಿ ಟೊಮೆಟೊ ಮಂಡಿಯಲ್ಲಿ ಬೆಳಿಗ್ಗೆ ನಿಂತು ನೋಡಬೇಕು. ಹದಿನೈದು ಕೆ.ಜಿ. ಬಾಕ್ಸಿಗೆ ಹರಾಜು ನಡೆಯುತ್ತಿರುತ್ತದೆ. ಆಂಧ್ರದ ಕಡೆಯವರು ‘ಎಂತ?’ ಅಂದರೆ ಮಂಡಿಯ ಹುಡುಗ ‘ಮೂಡು ವಂದಲು’ ಅನ್ನುತ್ತಾನೆ. ತಮಿಳಿನವರು ‘ಎವ್ವಳವು?’ ಅಂದರೆ ‘ಮುನ್ನೂರು’ ಅನ್ನುತ್ತಾನೆ. ಅವನಿಗೆ ಯಾರೂ ದಿನಕ್ಕೆ ಐದು ಪದ ಕಳಿಸಿಲ್ಲ. ದಿನಾ ಬೆಳಿಗ್ಗೆ ಯಾರೋ ಕೇಳುತ್ತಾರೆ, ಅಲ್ಲೇ ಉತ್ತರ ಹೇಳಬೇಕು, ತಪ್ಪಿದರೆ ದುಡ್ಡು ಹೋಗುತ್ತದೆ. ಹಾಗೆಂದು ತೆಲುಗು ಪೇಪರ್ ಕೊಟ್ಟರೆ ಅವನಿಗೆ ಓದೋಕೆ ಬರುವುದು ಅನುಮಾನ. ಮಂಡಿಯಲ್ಲಿ ಅವನನ್ನು ಯಾರೂ ಅದನ್ನು ಕೇಳುವುದಿಲ್ಲ.